ಮಾನವ ಹಕ್ಕಿನ ದಾರಿಯಲ್ಲಿ ಸಿಸಿಲಿಯಾ ಚಂಗ್

ಪೀಠಿಕೆ

ಶಾಲೆಯ ವಾರ್ಷಿಕ ಸಂಚಿಕೆಯೆಂದರೆ ಅದರಲ್ಲಿ ಒಬ್ಬರಾದರೂ ಹಿರಿಯರ ಜೀವನಚರಿತ್ರೆ ಇರಬೇಕೆಂಬುದು ರೂಢಿ. ವಿಜ್ಞಾನಿಗಳು, ಕವಿಗಳು, ದೇಶಭಕ್ತರು, ಸಮಾಜ ಸುಧಾರಕರು ಇವರ ಬಾಳನ್ನು ಓದಿ ನಮ್ಮ ಬಾಳನ್ನು ತಿದ್ದಿಕೊಳ್ಳಬೇಕೆಂಬುದು ಇದರ ಉದ್ದೇಶ. ಈ ಸಲ ನಾವು ಆರಿಸಿಕೊಂಡ ವ್ಯಕ್ತಿಯ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಅವರ ಹೆಸರು ಸಿಸಿಲಿಯಾ ಚಂಗ್. ಹಾಂಗ್‌ಕಾಂಗಿನಲ್ಲಿ ಹುಟ್ಟಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ನೆಲೆಸಿದ ಇವರು ಟ್ರಾನ್ಸ್‌ಜೆಂಡರ್ ಮಹಿಳೆ, ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿರುವವರು, ಒಂದು ಮಹಾನಗರದ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ಸ್ಥಾನಕ್ಕೆ ಏರಿದವರು.

ಶಾಲಾ ಸಂಚಿಕೆಗೆ ಇಂತಹ ವಿಷಯ ಏತಕ್ಕೆ ಎಂದು ರಕ್ಷಕರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ನಮ್ಮದೇ ಒಂದು ತಪ್ಪನ್ನು ಮೊದಲು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಮುಂದು, ಬರೆದರೆ ಅಕ್ಷರಗಳು ಮುತ್ತು ಪೋಣಿಸಿದಂತೆ. ಆತನ ಮಾತು ಮೆದು, ನಡೆಯೂ ಮೆದು. ಶಾಲೆಯ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಆತ ಸ್ತ್ರೀವೇಷ ಹಾಕಿ ಕುಣಿದಾಗ ನೆರೆದ ಊರವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಮರುದಿನದಿಂದ ಆ ಚಪ್ಪಾಳೆಯ ಅರ್ಥವೇ ಬದಲಾಯಿತು. ಆತ ಜಗಲಿಯಲ್ಲಿ ನಡೆದು ಬರುವಾಗ ಕೆಲವು ಹುಡುಗರು ಕೈತಟ್ಟಿ ಒಂದು ಹೀನ ಮಾತಿನಿಂದ ಕರೆಯತೊಡಗಿದರು. ಆತ ನಮ್ಮ ಬಳಿಗೆ ಬಂದು ದೂರು ಹೇಳಿದ. “ನೀನೇ ಸ್ವಲ್ಪ ಗಟ್ಟಿಯಾಗಿ ಮಾತಾಡಲು ಕಲಿ ಮಗಾ, ಎಲ್ಲ ಸರಿಯಾಗ್ತದೆ” ಎಂದು ನಾವು ಉತ್ತರ ಕೊಟ್ಟೆವು. ತಪ್ಪು ಮಾಡಿದವರನ್ನು ತಿದ್ದುವ ಬದಲು ನೋವುಂಡವನನ್ನೇ ತಿದ್ದಲು ಹೊರಟೆವು. ಮುಂದಿನ ಜೂನಿನಲ್ಲಿ ಶಾಲೆ ತೆರೆದಾಗ ಹಾಜರಿ ಪುಸ್ತಕದಲ್ಲಿ ಆತನ ಹೆಸರಿತ್ತು, ಬೆಂಚಿನಲ್ಲಿ ಆತನಿರಲಿಲ್ಲ. ದೂರದ ಪೇಟೆಯೊಂದರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ಆಮೇಲೆ ಯಾರೋ ಹೇಳಿದರು.

ಆ ಹುಡುಗನ ಸ್ವಭಾವ ಏನಿತ್ತು ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಸ್ತ್ರೀವೇಷ ಹಾಕಿದವರೆಲ್ಲ ಟ್ರಾನ್ಸ್‌ಜೆಂಡರ್ ಅಲ್ಲ. ಮೆದುವಾಗಿ ಮಾತನಾಡುವವರೂ ಅಲ್ಲ. ಒಂದು ಮಗುವಿನ ಪಾಲಿಗೆ ಶಾಲೆಯ ಬಾಗಿಲು ಮುಚ್ಚಿತು, ಮುಚ್ಚುವ ಕೈಗಳಲ್ಲಿ ನಮ್ಮದೂ ಒಂದು ಎಂಬುದೇ ನಮ್ಮನ್ನು ಇಂದಿಗೂ ಕಾಡುವ ವಿಷಯ. ಹೀಗೆ ಬಾಗಿಲು ಮುಚ್ಚಿದರೆ ಮನುಷ್ಯನ ಗತಿ ಏನಾಗುತ್ತದೆ, ಅದನ್ನೇ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಸಿಸಿಲಿಯಾ ಚಂಗ್ ಅವರ ಜೀವನ ಒಂದು ಸ್ಪಷ್ಟ ಪಾಠ. ಆದುದರಿಂದ ಈ ಲೇಖನ.

ಮೊದಲು ಕೆಲವು ಪದಗಳು

ಪಾಠಕ್ಕೆ ತೊಡಗುವ ಮೊದಲು ಮೂರು ಪದಗಳ ಅರ್ಥವನ್ನು ತಿಳಿದುಕೊಳ್ಳೋಣ. ಅರ್ಥ ತಿಳಿಯದ ಪದ ಭಯವನ್ನು ಹುಟ್ಟಿಸುತ್ತದೆ, ಇಲ್ಲವೇ ಬೈಗುಳವಾಗುತ್ತದೆ.

ಮೊದಲನೆಯದು ‘ಟ್ರಾನ್ಸ್‌ಜೆಂಡರ್’. ಮಗು ಹುಟ್ಟಿದಾಗ ಅದರ ದೇಹವನ್ನು ನೋಡಿ ಗಂಡು ಅಥವಾ ಹೆಣ್ಣು ಎಂದು ದಾಖಲೆಯಲ್ಲಿ ಬರೆಯುತ್ತಾರೆ. ಹೆಚ್ಚಿನವರಿಗೆ ಬೆಳೆದ ಮೇಲೂ ಆ ಬರಹ ಸರಿಯೆಂದೇ ತೋರುತ್ತದೆ. ಕೆಲವರಿಗೆ ಮಾತ್ರ ಹಾಗೆ ತೋರುವುದಿಲ್ಲ. ಗಂಡೆಂದು ಬರೆಸಿಕೊಂಡವರಿಗೆ ತಾನು ಹೆಣ್ಣೆಂದೂ, ಹೆಣ್ಣೆಂದು ಬರೆಸಿಕೊಂಡವರಿಗೆ ತಾನು ಗಂಡೆಂದೂ ಅಂತರಂಗದಲ್ಲಿ ದೃಢವಾದ ಅರಿವಿರುತ್ತದೆ. ಇಂಥವರನ್ನು ಟ್ರಾನ್ಸ್‌ಜೆಂಡರ್ ಎನ್ನುತ್ತಾರೆ. ನಮ್ಮ ಕಡೆ ಮಂಗಳಮುಖಿ ಎಂಬ ಮಾತೂ ಬಳಕೆಯಲ್ಲಿದೆ. ಇದು ಶೋಕಿಯಲ್ಲ, ಬುದ್ಧಿಭ್ರಮೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಹೊಸ ವರ್ಗೀಕರಣದಲ್ಲಿ ಇದನ್ನು ಮಾನಸಿಕ ರೋಗಗಳ ಸಾಲಿನಿಂದ ತೆಗೆದುಹಾಕಿತು.

ಎರಡನೆಯದು ‘ಎಚ್.ಐ.ವಿ.’ ಇದೊಂದು ವೈರಾಣು. ರೋಗಗಳೊಡನೆ ಹೋರಾಡಲು ದೇಹದಲ್ಲಿರುವ ರಕ್ತದ ಬಿಳಿ ಕಣಗಳಲ್ಲಿ ಒಂದು ಮುಖ್ಯ ಬಗೆಯವನ್ನು ಇದು ನಿಧಾನವಾಗಿ ನಾಶಮಾಡುತ್ತದೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ದೇಹದ ಕಾವಲು ಕುಸಿದು ಕ್ಷಯ ಮೊದಲಾದ ರೋಗಗಳು ಮುತ್ತುತ್ತವೆ. ಆ ಕೊನೆಯ ಹಂತಕ್ಕೆ ಏಡ್ಸ್ ಎಂದು ಹೆಸರು. ಸೋಂಕು ತಗಲಿದವರೆಲ್ಲರಿಗೂ ಏಡ್ಸ್ ಬಂದಿದೆ ಎಂದು ತಿಳಿಯಬಾರದು. ಈ ವೈರಾಣು ರಕ್ತದ ಮೂಲಕ, ಒಬ್ಬರಿಗೆ ಬಳಸಿದ ಸೂಜಿಯ ಮೂಲಕ, ಸುರಕ್ಷಿತವಲ್ಲದ ಲೈಂಗಿಕ ಸಂಪರ್ಕದ ಮೂಲಕ ಮತ್ತು ಚಿಕಿತ್ಸೆ ದೊರೆಯದಿದ್ದರೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಕೈಕುಲುಕುವುದರಿಂದ, ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವುದರಿಂದ, ಸೊಳ್ಳೆ ಕಚ್ಚುವುದರಿಂದ ಹರಡುವುದಿಲ್ಲ.

ಮೂರನೆಯದು ‘ಮಾನವ ಹಕ್ಕು’. 1948ರ ದಶಂಬರ 10ರಂದು ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಮನುಷ್ಯನಾಗಿ ಹುಟ್ಟಿದ ಮಾತ್ರಕ್ಕೆ ದೊರೆಯಬೇಕಾದ ಮರ್ಯಾದೆ, ರಕ್ಷಣೆ, ಶಿಕ್ಷಣ, ಉದ್ಯೋಗ, ಚಿಕಿತ್ಸೆ ಇವುಗಳೇ ಮಾನವ ಹಕ್ಕುಗಳು. ಇವು ಯಾರೋ ಕರುಣೆಯಿಂದ ಕೊಡುವ ದಾನವಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಹಾಂಗ್‌ಕಾಂಗಿನಿಂದ ಸಾನ್‌ಫ್ರಾನ್ಸಿಸ್ಕೋಕ್ಕೆ

ಸಿಸಿಲಿಯಾ ಚಂಗ್ ಹುಟ್ಟಿದ್ದು 1965ರಲ್ಲಿ. ಹಾಂಗ್‌ಕಾಂಗ್ ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಬಂದರು ನಗರ. ಮನೆಯವರ ದೃಷ್ಟಿಯಲ್ಲಿ ಹುಟ್ಟಿದ್ದು ಗಂಡುಮಗು. 1984ರಲ್ಲಿ ಕುಟುಂಬ ಅಮೆರಿಕದ ಲಾಸ್‌ಏಂಜಲೀಸಿಗೆ ವಲಸೆ ಹೋಯಿತು. ಮರುವರ್ಷ ಚಂಗ್ ಓದಿಗಾಗಿ ಸಾನ್‌ಫ್ರಾನ್ಸಿಸ್ಕೋಕ್ಕೆ ಬಂದರು. ಅಲ್ಲಿಯ ಸಿಟಿ ಕಾಲೇಜಿನಲ್ಲಿಯೂ ಬಳಿಕ ಗೋಲ್ಡನ್ ಗೇಟ್ ವಿಶ್ವವಿದ್ಯಾಲಯದಲ್ಲಿಯೂ ಕಲಿತು 1987ರಲ್ಲಿ ಪದವಿ ಪಡೆದರು.

ಅವರು ಹಿಡಿದ ಕೆಲಸಗಳಲ್ಲಿ ಒಂದನ್ನು ನಾವು ವಿಶೇಷವಾಗಿ ಗಮನಿಸಬೇಕು. ಅವರು ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದರು. ಇಂಗ್ಲಿಷ್ ಬಾರದವರು ಕಟಕಟೆಯಲ್ಲಿ ನಿಂತಾಗ ಅವರ ಮಾತನ್ನು ನ್ಯಾಯಾಧೀಶರಿಗೂ ನ್ಯಾಯಾಧೀಶರ ಮಾತನ್ನು ಅವರಿಗೂ ತಿಳಿಸುವವರು ದುಭಾಷಿಗಳು. ಗಡಿನಾಡಿನ ಮಕ್ಕಳಾದ ನಿಮಗೆ ಈ ಕೆಲಸದ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ. ಅಜ್ಜನ ಅರ್ಜಿಯನ್ನು ಓದಿ ಅರ್ಥ ಹೇಳಿ, ಸಹಿ ಹಾಕುವ ಜಾಗವನ್ನು ತೋರಿಸಿದವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ! ಭಾಷೆ ಬಾರದವನ ಎದುರಿಗೆ ಕಚೇರಿಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಎರಡು ಭಾಷೆ ಬಲ್ಲವನು ಅದನ್ನು ತೆರೆಯುತ್ತಾನೆ. ಚಂಗ್ ಅವರು ಮುಂದೆ ಮಾಡಿದ ಕೆಲಸವೂ ಒಂದು ರೀತಿಯಲ್ಲಿ ಇದೇ. ಬೀದಿಯಲ್ಲಿರುವವರ ಮಾತನ್ನು ಅಧಿಕಾರದಲ್ಲಿರುವವರಿಗೆ ತಿಳಿಯುವಂತೆ ಹೇಳುವುದು ಅವರ ಜೀವನದ ಕಾಯಕವಾಯಿತು.

ಒಂದರ ಹಿಂದೆ ಒಂದು ಬಾಗಿಲು

1990ರ ದಶಕದ ಆರಂಭದಲ್ಲಿ ಚಂಗ್ ತಾನು ಹೆಣ್ಣೆಂಬ ಅರಿವನ್ನು ಮುಚ್ಚಿಡದೆ ಹೆಣ್ಣಾಗಿಯೇ ಬಾಳಲು ನಿರ್ಧರಿಸಿದರು. ಅದರ ಫಲ ಕೂಡಲೇ ಕಾಣಿಸಿತು. ಕೈಯಲ್ಲಿದ್ದ ಉದ್ಯೋಗ ಹೋಯಿತು. ಮನೆಯವರೊಡನೆ ಸಂಬಂಧ ಕಡಿಯಿತು. ಉದ್ಯೋಗವಿಲ್ಲದವರಿಗೆ ಬಾಡಿಗೆಯ ಕೋಣೆ ಎಲ್ಲಿಯದು? ಪದವೀಧರೆ, ಎರಡು ಭಾಷೆ ಬಲ್ಲವರು, ನ್ಯಾಯಾಲಯದಲ್ಲಿ ದುಡಿದವರು ಬೀದಿಗೆ ಬಿದ್ದರು. ಹೊಟ್ಟೆಪಾಡಿಗಾಗಿ ಲೈಂಗಿಕ ವೃತ್ತಿಯನ್ನು ಹಿಡಿಯಬೇಕಾಯಿತು. ದುಃಖವನ್ನು ಮರೆಯಲು ಮಾದಕ ವಸ್ತುಗಳ ಚಟ ಅಂಟಿತು. ಅದೇ ಕಾಲದಲ್ಲಿ ತಮಗೆ ಎಚ್.ಐ.ವಿ. ಸೋಂಕಿದೆ ಎಂಬುದೂ ತಿಳಿಯಿತು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಂತು ಕಾರಣ–ಪರಿಣಾಮಗಳ ಸರಪಣಿಯನ್ನು ಪರಿಶೀಲಿಸಿರಿ. ಟ್ರಾನ್ಸ್‌ಜೆಂಡರ್ ಆದ ಕಾರಣ ಸೋಂಕು ತಗಲಿತೇ? ಇಲ್ಲ. ವೈರಾಣುವಿಗೆ ಗಂಡು, ಹೆಣ್ಣು, ಮಂಗಳಮುಖಿ ಎಂಬ ಭೇದ ಗೊತ್ತಿಲ್ಲ. ಮೊದಲು ಹೋದದ್ದು ಉದ್ಯೋಗ, ಅನಂತರ ಮನೆ, ಆಮೇಲೆ ಸುರಕ್ಷಿತವಾಗಿ ಬದುಕುವ ದಾರಿ. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಉಳಿದ ಒಂದೇ ಇಕ್ಕಟ್ಟಿನ ಓಣಿಯಲ್ಲಿ ರೋಗ ಕಾದಿತ್ತು. ಜಗತ್ತಿನ ಅನೇಕ ದೇಶಗಳಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರಲ್ಲಿ ಈ ಸೋಂಕು ಉಳಿದವರಿಗಿಂತ ಹಲವು ಪಟ್ಟು ಹೆಚ್ಚಾಗಿ ಕಂಡುಬರುವುದಕ್ಕೆ ಈ ಬಹಿಷ್ಕಾರವೇ ದೊಡ್ಡ ಕಾರಣವೆಂದು ಆರೋಗ್ಯ ತಜ್ಞರು ಹೇಳುತ್ತಾರೆ. ಪೊಲೀಸರ ಭಯದಿಂದ, ಆಸ್ಪತ್ರೆಯ ಸಾಲಿನಲ್ಲಿ ಆಗುವ ಅಪಮಾನದ ಭಯದಿಂದ ಅವರು ಪರೀಕ್ಷೆಗೂ ಬರುವುದಿಲ್ಲ, ಚಿಕಿತ್ಸೆಗೂ ಬರುವುದಿಲ್ಲ.

ಕೊನೆಗೊಮ್ಮೆ ಚಂಗ್ ಇರಿತಕ್ಕೆ ಗುರಿಯಾಗಿ ಆಸ್ಪತ್ರೆ ಸೇರಬೇಕಾಯಿತು. ಆ ಸಂಕಟದ ಹೊತ್ತಿನಲ್ಲಿ ತಾಯಿ ಬಂದರು. ಬಿಟ್ಟುಹೋದ ಸಂಬಂಧ ಅಲ್ಲಿಂದ ಮರಳಿ ಕೂಡಿಕೊಂಡಿತು. ಅವರ ಬಾಳಿನಲ್ಲಿ ಮರಳಿ ತೆರೆದ ಬಾಗಿಲುಗಳಲ್ಲಿ ತಾಯಿಯದು ಮುಖ್ಯವಾದುದು. ರಕ್ಷಕರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಮಗನೋ ಮಗಳೋ ಎಂಬ ಪ್ರಶ್ನೆಗಿಂತ ಮಗು ಉಳಿಯಬೇಕು ಎಂಬುದು ದೊಡ್ಡದು.

ಆ ನಗರವೂ ಆ ರೋಗವೂ

ಚಂಗ್ ಅವರ ಸಾರ್ವಜನಿಕ ಕಾರ್ಯವನ್ನು ತಿಳಿಯಬೇಕಾದರೆ ಆ ನಗರದ ಹಿನ್ನೆಲೆಯನ್ನು ಅರಿಯಬೇಕು.

1981ರ ಜೂನ್ 5ರಂದು ಅಮೆರಿಕದ ಸರಕಾರಿ ಆರೋಗ್ಯ ಪತ್ರಿಕೆಯೊಂದರಲ್ಲಿ ಲಾಸ್‌ಏಂಜಲೀಸಿನ ಐದು ಮಂದಿ ಯುವಕರಲ್ಲಿ ಕಂಡ ವಿಚಿತ್ರ ನ್ಯುಮೋನಿಯಾದ ವರದಿ ಪ್ರಕಟವಾಯಿತು. ಏಡ್ಸ್ ರೋಗದ ಮೊದಲ ಅಧಿಕೃತ ವರದಿ ಅದೇ. ಅತಿ ಹೆಚ್ಚು ಪೆಟ್ಟು ತಿಂದ ನಗರಗಳಲ್ಲಿ ಸಾನ್‌ಫ್ರಾನ್ಸಿಸ್ಕೋ ಒಂದು. 1983ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಫ್ರಾನ್ಸ್ವಾಸ್ ಬಾರೆ–ಸಿನೂಸಿ ಮತ್ತು ಲ್ಯುಕ್ ಮೊಂತಾನ್ಯೆ ಅವರ ತಂಡವು ವೈರಾಣುವನ್ನು ಪತ್ತೆಹಚ್ಚಿತು. ಇದಕ್ಕಾಗಿ ಅವರಿಬ್ಬರಿಗೆ 2008ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆದರೆ ಆ ಮೊದಲ ವರ್ಷಗಳಲ್ಲಿ ಔಷಧವಿರಲಿಲ್ಲ. ಭಯ ಮಾತ್ರ ಧಾರಾಳವಾಗಿತ್ತು. ಊಟದ ತಟ್ಟೆಯನ್ನು ರೋಗಿಯ ಕೋಣೆಯ ಹೊರಗೇ ಇಟ್ಟು ಹೋಗುವ ಆಸ್ಪತ್ರೆಗಳಿದ್ದವು.

ಅದೇ 1983ರಲ್ಲಿ ನಡೆದ ಎರಡು ಸಂಗತಿಗಳು ಚರಿತ್ರೆಯಲ್ಲಿ ಉಳಿದಿವೆ. ಒಂದು, ಸಾನ್‌ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ ‘5ಬಿ’ ಎಂಬ ವಾರ್ಡು ಏಡ್ಸ್ ರೋಗಿಗಳಿಗಾಗಿಯೇ ತೆರೆಯಿತು. ಕ್ಲಿಫ್ ಮಾರಿಸನ್ ಎಂಬ ನರ್ಸ್ ಅದರ ಮುಂದಾಳು. ಅಲ್ಲಿಯ ದಾದಿಯರು ರೋಗಿಗಳ ಕೈಹಿಡಿದು ಕುಳಿತರು; ಗುಣಪಡಿಸಲಾಗದಿದ್ದರೂ ಮುಟ್ಟದೆ ಬಿಡಲಿಲ್ಲ. ಇನ್ನೊಂದು, ಡೆನ್ವರ್ ನಗರದಲ್ಲಿ ಸೇರಿದ ಒಂದು ಆರೋಗ್ಯ ಸಮ್ಮೇಳನದಲ್ಲಿ ರೋಗಿಗಳೇ ಒಂದು ಘೋಷಣೆಯನ್ನು ಹೊರಡಿಸಿದರು. ತಮ್ಮನ್ನು ‘ಬಲಿಪಶು’ಗಳೆಂದು ಕರೆಯಬಾರದು, ತಮ್ಮ ವಿಷಯದಲ್ಲಿ ನಿರ್ಧಾರ ಕೈಗೊಳ್ಳುವ ಸಭೆಗಳಲ್ಲಿ ತಮಗೂ ಸ್ಥಾನ ಬೇಕು ಎಂಬುದು ಅದರ ಸಾರ. ಕರುಣೆಗೂ ಹಕ್ಕಿಗೂ ಇರುವ ವ್ಯತ್ಯಾಸವನ್ನು ನೆನಪಿಡಿರಿ ಎಂದು ಹೇಳಿದ್ದೆವಲ್ಲ, ಅದು ಇದೇ. ಚಂಗ್ ನಡೆದದ್ದು ಈ ದಾರಿಯಲ್ಲಿ.

ಸೇವೆಯ ಮೆಟ್ಟಿಲುಗಳು

ಕಷ್ಟಗಳು ಇನ್ನೂ ಮುಗಿದಿರದ ಕಾಲದಲ್ಲಿಯೇ ಚಂಗ್ ಸಾರ್ವಜನಿಕ ಕೆಲಸಕ್ಕೆ ಇಳಿದರು. ಟ್ರಾನ್ಸ್‌ಜೆಂಡರ್ ಜನರಿಗೆ ಆಗುತ್ತಿರುವ ಅನ್ಯಾಯವನ್ನು ವಿಚಾರಿಸಲು ಸಾನ್‌ಫ್ರಾನ್ಸಿಸ್ಕೋದ ಮಾನವ ಹಕ್ಕುಗಳ ಆಯೋಗವು ಕಾರ್ಯಪಡೆಯೊಂದನ್ನು ರಚಿಸಿತ್ತು. ಚಂಗ್ ಅದರಲ್ಲಿ ಪಾಲ್ಗೊಂಡರು. ಉದ್ಯೋಗ, ವಸತಿ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲೆಲ್ಲಿ ಏನಾಗುತ್ತದೆ ಎಂಬುದನ್ನು ಬಾಧಿತರ ಬಾಯಿಂದಲೇ ಕೇಳಿ, ಆಯೋಗವು 1994ರಲ್ಲಿ ವರದಿಯನ್ನು ಪ್ರಕಟಿಸಿತು. ಲಿಂಗತ್ವದ ಕಾರಣದಿಂದ ಯಾರನ್ನೂ ಕೆಲಸದಿಂದ, ಮನೆಯಿಂದ, ಸಾರ್ವಜನಿಕ ಸ್ಥಳದಿಂದ ಹೊರಹಾಕಬಾರದೆಂದು ನಗರವು ಆ ಬಳಿಕ ಕಾನೂನು ಮಾಡಿತು. ಅದೇ ಸುಮಾರಿಗೆ, 1993ರಲ್ಲಿ, ನಗರದ ಬಡವರ ಬಡಾವಣೆಯಲ್ಲಿದ್ದ ಸರಕಾರಿ ಚಿಕಿತ್ಸಾಲಯವೊಂದು ವಾರದಲ್ಲಿ ಒಂದು ದಿನ, ಮಂಗಳವಾರ, ಟ್ರಾನ್ಸ್‌ಜೆಂಡರ್ ಜನರಿಗಾಗಿಯೇ ವೈದ್ಯರನ್ನು ಒದಗಿಸತೊಡಗಿತ್ತು. ಮರ್ಯಾದೆಯಿಂದ ಮಾತನಾಡಿಸುವ ವೈದ್ಯರಿದ್ದರೆ ಜನ ಚಿಕಿತ್ಸೆಗೆ ತಾವಾಗಿಯೇ ಬರುತ್ತಾರೆ ಎಂಬುದು ಅಲ್ಲಿ ಸಿದ್ಧವಾಯಿತು.

ಚಂಗ್ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರಿಗಾಗಿ ದುಡಿಯುವ ಆರೋಗ್ಯ ಸಂಸ್ಥೆಯಲ್ಲಿ ಎಚ್.ಐ.ವಿ. ಕಾರ್ಯಕರ್ತೆಯಾದರು. ಇದು ವೇದಿಕೆಯ ಭಾಷಣದ ಕೆಲಸವಲ್ಲ. ಪರೀಕ್ಷೆಗೆ ಬರಲು ಹೆದರುವವರಿಗೆ ಧೈರ್ಯ ಹೇಳುವುದು, ಸೋಂಕು ಇದೆಯೆಂದು ತಿಳಿದು ಕಂಗೆಟ್ಟವರ ಬಳಿ ಕುಳಿತುಕೊಳ್ಳುವುದು, ಔಷಧವನ್ನು ತಪ್ಪದೆ ತೆಗೆದುಕೊಳ್ಳುವಂತೆ ನೋಡಿಕೊಳ್ಳುವುದು ಇಂತಹ ಕೆಲಸಗಳಲ್ಲಿ ತಾನೂ ಆ ದಾರಿಯಲ್ಲಿ ನಡೆದವರ ಮಾತಿಗೆ ಇರುವ ಬಲ ಇನ್ನೊಬ್ಬರ ಮಾತಿಗೆ ಬರಲಾರದು.

2001ರಲ್ಲಿ ಸಾನ್‌ಫ್ರಾನ್ಸಿಸ್ಕೋದ ಸುಪ್ರಸಿದ್ಧ ‘ಪ್ರೈಡ್’ ಉತ್ಸವದ ಆಡಳಿತ ಮಂಡಳಿಗೆ ಅಧ್ಯಕ್ಷೆಯಾಗಿ ಆರಿಸಿಬಂದರು. ಆ ಸ್ಥಾನಕ್ಕೆ ಬಂದ ಮೊದಲ ಟ್ರಾನ್ಸ್‌ಜೆಂಡರ್ ಮಹಿಳೆಯೂ ಮೊದಲ ಏಷ್ಯನ್ ವ್ಯಕ್ತಿಯೂ ಅವರೇ. 2004ರಲ್ಲಿ ಟ್ರಾನ್ಸ್‌ಜೆಂಡರ್ ಜನರ ಮೆರವಣಿಗೆಯು ಆ ನಗರದಲ್ಲಿ ಆರಂಭವಾದಾಗ ಅದರ ಸಂಸ್ಥಾಪಕ ಸಂಘಟಕರಲ್ಲಿ ಒಬ್ಬರಾಗಿದ್ದರು. 2002ರಲ್ಲಿ ಹುಟ್ಟಿದ ‘ಟ್ರಾನ್ಸ್‌ಜೆಂಡರ್ ಲಾ ಸೆಂಟರ್’ ಎಂಬ ಕಾನೂನು ನೆರವಿನ ಸಂಸ್ಥೆಯಲ್ಲಿ ಉಪನಿರ್ದೇಶಕಿಯಾಗಿ ದುಡಿದರು.

ಮುಂದೆ ಅವರು ಸಾನ್‌ಫ್ರಾನ್ಸಿಸ್ಕೋ ಮಾನವ ಹಕ್ಕುಗಳ ಆಯೋಗದ ಸದಸ್ಯೆಯಾಗಿ, ಬಳಿಕ ಅಧ್ಯಕ್ಷೆಯಾದರು. ಆ ಪೀಠದಲ್ಲಿ ಕುಳಿತ ಮೊದಲ ಟ್ರಾನ್ಸ್‌ಜೆಂಡರ್ ಮಹಿಳೆ ಅವರು, ಎಚ್.ಐ.ವಿ. ಇದೆಯೆಂದು ಬಹಿರಂಗವಾಗಿ ಹೇಳಿಕೊಂಡವರಲ್ಲಿಯೂ ಮೊದಲಿಗರು ಅವರೇ. ಯಾವ ಆಯೋಗದ ಎದುರು ಟ್ರಾನ್ಸ್‌ಜೆಂಡರ್ ಜನರು ತಮ್ಮ ಗೋಳನ್ನು ಹೇಳಿಕೊಂಡಿದ್ದರೋ ಅದೇ ಆಯೋಗದ ಮುಖ್ಯ ಕುರ್ಚಿಯಲ್ಲಿ ಅವರಲ್ಲೊಬ್ಬರು ಕುಳಿತರು. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೇನು ಬೇಕು?

2012ರಲ್ಲಿ ನಗರದ ಮೇಯರ್ ಎಡ್ ಲೀ ಅವರು ಚಂಗ್ ಅವರನ್ನು ಆರೋಗ್ಯ ಆಯೋಗಕ್ಕೆ ನೇಮಿಸಿದರು. ನಗರದ ಸಾರ್ವಜನಿಕ ಆಸ್ಪತ್ರೆಗಳ ಮತ್ತು ಆರೋಗ್ಯ ಇಲಾಖೆಯ ಮೇಲ್ವಿಚಾರಣೆ ಈ ಆಯೋಗದ್ದು. ಅದೇ ವರ್ಷ, ವಿಮೆ ಇಲ್ಲದ ಬಡ ಟ್ರಾನ್ಸ್‌ಜೆಂಡರ್ ಜನರಿಗೆ ಬೇಕಾದ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೇ ವಹಿಸಬೇಕೆಂದು ಆಯೋಗವು ತೀರ್ಮಾನಿಸಿತು. 2013ರಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಅವರು ಎಚ್.ಐ.ವಿ. ಮತ್ತು ಏಡ್ಸ್ ಕುರಿತ ರಾಷ್ಟ್ರಾಧ್ಯಕ್ಷರ ಸಲಹಾ ಮಂಡಳಿಗೆ ಅವರನ್ನು ನೇಮಿಸಿದರು. ಬೀದಿಯಲ್ಲಿ ನಿದ್ರಿಸಿದವರೊಬ್ಬರ ಸಲಹೆ ರಾಷ್ಟ್ರಾಧ್ಯಕ್ಷರ ಮೇಜನ್ನು ತಲುಪುವಂತಾಯಿತು.

2015ರಲ್ಲಿ ಅವರ ಮುಂದಾಳ್ತನದಲ್ಲಿ ‘ಪಾಸಿಟಿವ್ಲಿ ಟ್ರಾನ್ಸ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಸೋಂಕಿನೊಂದಿಗೆ ಬದುಕುವ ಟ್ರಾನ್ಸ್‌ಜೆಂಡರ್ ಜನರನ್ನೇ ಪ್ರಶ್ನಿಸಿ, ಅವರಿಗೆ ಬೇಕಾದುದೇನು ಎಂಬುದನ್ನು ತಿಳಿದು, ಅವರಲ್ಲಿಯೇ ನಾಯಕರನ್ನು ಬೆಳೆಸುವುದು ಇದರ ಗುರಿ. 2017ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ‘ವೆನ್ ವಿ ರೈಸ್’ ಎಂಬ ಧಾರಾವಾಹಿಯಲ್ಲಿ ಅವರ ಜೀವನವೂ ಒಂದು ಭಾಗವಾಗಿ ಚಿತ್ರಿತವಾಯಿತು. ಆ ಪಾತ್ರವನ್ನು ವಹಿಸಿದವರು ಟ್ರಾನ್ಸ್‌ಜೆಂಡರ್ ನಟಿ ಐವರಿ ಅಕ್ವಿನೋ.

ಹಕ್ಕು ಮತ್ತು ಆರೋಗ್ಯ: ಎರಡಲ್ಲ, ಒಂದೇ ಪಾಠ

1996ರ ವೇಳೆಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು ಈ ರೋಗದ ಸ್ವರೂಪವೇ ಬದಲಾಯಿತು. ಮರಣದಂಡನೆಯಂತಿದ್ದುದು ಮಧುಮೇಹದಂತೆ ಔಷಧದಿಂದ ಹತೋಟಿಯಲ್ಲಿಡಬಹುದಾದ ಸ್ಥಿತಿಗೆ ಬಂತು. ಔಷಧವನ್ನು ಕ್ರಮವಾಗಿ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ಹರಡುವುದಿಲ್ಲವೆಂದು ಈಗ ದೃಢಪಟ್ಟಿದೆ. ಆದರೂ 2023ರ ಅಂತ್ಯಕ್ಕೆ ಜಗತ್ತಿನಲ್ಲಿ ಸುಮಾರು 3 ಕೋಟಿ 99 ಲಕ್ಷ ಜನರು ಈ ಸೋಂಕಿನೊಂದಿಗೆ ಬದುಕುತ್ತಿದ್ದರೆಂದು ವಿಶ್ವಸಂಸ್ಥೆಯ ಲೆಕ್ಕ.

ಔಷಧವಿದ್ದೂ ರೋಗ ಏಕೆ ನಿಲ್ಲಲಿಲ್ಲ? ಬಡತನ, ಹಣದ ಕೊರತೆ ಮೊದಲಾದ ಕಾರಣಗಳು ಹಲವಿವೆ. ಅವುಗಳೊಂದಿಗೆ ಅಪಮಾನದ ಭಯವೂ ಇದೆ. ಔಷಧದ ಪೆಟ್ಟಿಗೆ ಆಸ್ಪತ್ರೆಯಲ್ಲಿದ್ದರೆ ಸಾಲದು; ರೋಗಿ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಬೇಕು. ಹತ್ತಿದರೆ ಯಾರಾದರೂ ನೋಡಿಯಾರು, ನೋಡಿದರೆ ಕೆಲಸ ಹೋದೀತು, ಮನೆ ಹೋದೀತು ಎಂಬ ಅಂಜಿಕೆ ಇರುವವನು ಹತ್ತುವುದಿಲ್ಲ. ಅವನ ಹಕ್ಕಿಗೆ ರಕ್ಷಣೆ ಕೊಟ್ಟರೆ ಹತ್ತುತ್ತಾನೆ. ಅವನು ಗುಣವಾಗಿದ್ದರೆ ಊರೂ ಕ್ಷೇಮವಾಗಿರುತ್ತದೆ. ಆದುದರಿಂದ ಒಬ್ಬರ ಮಾನವ ಹಕ್ಕನ್ನು ಕಾಯುವುದೆಂದರೆ ಎಲ್ಲರ ಆರೋಗ್ಯವನ್ನು ಕಾಯುವುದು. ಚಂಗ್ ಎಚ್.ಐ.ವಿ. ಕೆಲಸವನ್ನೂ ಮಾನವ ಹಕ್ಕಿನ ಕೆಲಸವನ್ನೂ ಒಂದೇ ಕೈಯಲ್ಲಿ ಹಿಡಿದದ್ದರ ಮರ್ಮ ಇದು.

ನಮ್ಮ ನಾಡಿನಲ್ಲಿ

ಇದು ದೂರದ ದೇಶದ ಕಥೆಯೆಂದು ಪುಸ್ತಕ ಮುಚ್ಚುವಂತಿಲ್ಲ. ಭಾರತದಲ್ಲಿ ಎಚ್.ಐ.ವಿ. ಸೋಂಕನ್ನು ಮೊದಲು ಪತ್ತೆಹಚ್ಚಿದ್ದು 1986ರಲ್ಲಿ ಚೆನ್ನೈಯಲ್ಲಿ. ಅದನ್ನು ಸಾಧಿಸಿದವರು ವೈದ್ಯೆ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ. 2004ರಿಂದ ಸರಕಾರವು ಔಷಧವನ್ನು ಉಚಿತವಾಗಿ ಕೊಡತೊಡಗಿತು. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸಪ್ಟಂಬರದಲ್ಲಿ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಸೋಂಕಿನ ಕಾರಣದಿಂದ ಯಾರಿಗೂ ಶಾಲೆ, ಉದ್ಯೋಗ, ಬಾಡಿಗೆ ಮನೆ, ಚಿಕಿತ್ಸೆ ಇವುಗಳನ್ನು ನಿರಾಕರಿಸುವಂತಿಲ್ಲ.

2014ರ ಎಪ್ರಿಲ್ 15ರಂದು ಸುಪ್ರೀಂ ಕೋರ್ಟು ಟ್ರಾನ್ಸ್‌ಜೆಂಡರ್ ಜನರಿಗೆ ಸಂವಿಧಾನದ ಎಲ್ಲ ಮೂಲಭೂತ ಹಕ್ಕುಗಳೂ ಇವೆಯೆಂದು ತೀರ್ಪಿತ್ತಿತು. ತೀರ್ಪು ನೀಡಿದ ಪೀಠದಲ್ಲಿ ಕೇರಳದವರೇ ಆದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರೂ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರೂ ಇದ್ದರು. ನಾವಿರುವ ಕೇರಳ ರಾಜ್ಯವು 2015ರಲ್ಲಿ ಟ್ರಾನ್ಸ್‌ಜೆಂಡರ್ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಇಂತಹ ನೀತಿಯನ್ನು ತಂದ ಮೊದಲ ರಾಜ್ಯ ಇದು. ಶಾಲೆಯನ್ನು ಅರ್ಧದಲ್ಲಿ ಬಿಟ್ಟ ಟ್ರಾನ್ಸ್‌ಜೆಂಡರ್ ಜನರಿಗಾಗಿ ರಾಜ್ಯ ಸಾಕ್ಷರತಾ ಮಿಷನ್ ‘ಸಮನ್ವಯ’ ಎಂಬ ಕಲಿಕಾ ಯೋಜನೆಯನ್ನು ಆರಂಭಿಸಿತು. ಇಂತಹ ಯೋಜನೆ ಬೇಕಾಯಿತೆಂಬುದೇ ನಮ್ಮಂತಹ ಅಧ್ಯಾಪಕರಿಗೆ ಒಂದು ಎಚ್ಚರಿಕೆ. ಅರ್ಧದಲ್ಲಿ ಬಿಟ್ಟವರು ಸುಮ್ಮನೆ ಬಿಟ್ಟವರಲ್ಲ. ಬಿಡುವಂತೆ ಮಾಡಿದವರು ಇದ್ದಾರೆ.

ರಕ್ಷಕರಿಗೆ ಒಂದು ಸೂಚನೆ. ಎಚ್.ಐ.ವಿ. ಕುರಿತ ಸಂದೇಹಗಳಿಗೆ 1097 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹಣವಿಲ್ಲದೆ ದೂರವಾಣಿ ಮಾಡಬಹುದು. ಸರಕಾರಿ ಆಸ್ಪತ್ರೆಗಳ ಪರೀಕ್ಷಾ ಕೇಂದ್ರಗಳಲ್ಲಿ (ಕೇರಳದಲ್ಲಿ ಇವುಗಳ ಹೆಸರು ‘ಜ್ಯೋತಿಸ್’) ಪರೀಕ್ಷೆ ಉಚಿತ. ಫಲಿತಾಂಶವನ್ನು ಗುಟ್ಟಾಗಿ ಇಡಲಾಗುತ್ತದೆ.

ಉಪಸಂಹಾರ

ಸಿಸಿಲಿಯಾ ಚಂಗ್ ಅವರ ಬಾಳಿನಿಂದ ನಾವು ಕಲಿಯಬೇಕಾದುದನ್ನು ಎರಡು ಮಾತಿನಲ್ಲಿ ಹೇಳಬಹುದು. ಬಾಗಿಲು ಮುಚ್ಚಿದಾಗ ಒಬ್ಬ ಪದವೀಧರೆ ಬೀದಿಪಾಲಾದರು. ತೆರೆದಾಗ ಅದೇ ವ್ಯಕ್ತಿ ಇಡೀ ನಗರದ ಆರೋಗ್ಯಕ್ಕೂ ಹಕ್ಕಿಗೂ ಕಾವಲಾದರು. ವ್ಯಕ್ತಿ ಬದಲಾಗಲಿಲ್ಲ, ಬಾಗಿಲು ಬದಲಾಯಿತು. ಆ ಬಾಗಿಲನ್ನು ತಟ್ಟುವ ಧೈರ್ಯ ಅವರದ್ದೇ ಆಗಿತ್ತು ಎಂಬುದನ್ನೂ ಮರೆಯಬಾರದು.

ಅಮೆರಿಕದ ಆಯೋಗಗಳು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಒಂದು ತರಗತಿ, ಒಂದು ಜಗಲಿ, ಬಸ್ಸಿನ ಒಂದು ಸೀಟು. ಯಾರನ್ನಾದರೂ ನೋಡಿ ಒಬ್ಬ ಕೈತಟ್ಟಿ ನಕ್ಕಾಗ ಉಳಿದವರು ನಗದಿದ್ದರೆ ಆ ನಗೆ ಅಲ್ಲಿಗೇ ಸಾಯುತ್ತದೆ. ಇಷ್ಟನ್ನು ಮಾಡಲು ಕಾನೂನು ಬೇಡ, ಹಣ ಬೇಡ.

ನಮ್ಮ ಆ ಹಳೆಯ ವಿದ್ಯಾರ್ಥಿಯ ಕೈಗೆ ಈ ಸಂಚಿಕೆ ಸೇರುವುದೋ ಇಲ್ಲವೋ ಹೇಳಲಾರೆವು. ಸೇರಿದರೆ ಆತ ತಿಳಿಯಬೇಕಾದ ಮಾತು ಇದು: ಅಂದು ಗಟ್ಟಿಯಾಗಿ ಮಾತನಾಡಲು ಕಲಿಯಬೇಕಾಗಿದ್ದುದು ನೀನಲ್ಲ ಮಗಾ, ನಾವು.

ನೆನಪಿಡಬೇಕಾದ ವರ್ಷಗಳು

1948 – ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ
1965 – ಸಿಸಿಲಿಯಾ ಚಂಗ್ ಜನನ
1981 – ಏಡ್ಸ್ ರೋಗದ ಮೊದಲ ಅಧಿಕೃತ ವರದಿ
1986 – ಭಾರತದಲ್ಲಿ ಸೋಂಕಿನ ಮೊದಲ ಪತ್ತೆ
1994 – ಸಾನ್‌ಫ್ರಾನ್ಸಿಸ್ಕೋ ಆಯೋಗದ ವರದಿ
2013 – ರಾಷ್ಟ್ರಾಧ್ಯಕ್ಷರ ಸಲಹಾ ಮಂಡಳಿಗೆ ಚಂಗ್ ನೇಮಕ
2014 – ಭಾರತದ ಸುಪ್ರೀಂ ಕೋರ್ಟಿನ ತೀರ್ಪು

ಅಭ್ಯಾಸ

1. ಎಚ್.ಐ.ವಿ. ಮತ್ತು ಏಡ್ಸ್ ಇವುಗಳೊಳಗಿನ ವ್ಯತ್ಯಾಸವೇನು?
2. ಎಚ್.ಐ.ವಿ. ಹರಡುವ ಮೂರು ವಿಧಗಳನ್ನೂ ಹರಡದ ಮೂರು ಸಂದರ್ಭಗಳನ್ನೂ ಬರೆಯಿರಿ.
3. ದುಭಾಷಿಯ ಕೆಲಸಕ್ಕೂ ಚಂಗ್ ಅವರ ಮುಂದಿನ ಕಾರ್ಯಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
4. ‘ಕರುಣೆ ಬೇರೆ, ಹಕ್ಕು ಬೇರೆ’ – ಡೆನ್ವರ್ ಘೋಷಣೆಯ ಆಧಾರದಿಂದ ಸಮರ್ಥಿಸಿರಿ.
5. ನಿಮ್ಮ ತರಗತಿಯಲ್ಲಿ ಅಡ್ಡಹೆಸರಿನಿಂದ ನೊಂದ ಯಾರಾದರೂ ಇದ್ದಾರೆಯೇ? ಇದಕ್ಕೆ ಉತ್ತರವನ್ನು ಬರೆಯಬೇಕಾಗಿಲ್ಲ. ನಾಳೆ ಅವರ ಪಕ್ಕದಲ್ಲಿ ಕುಳಿತುಕೊಂಡರೆ ಸಾಕು.